ಹಿಂದಿನಿಂದ ಟೆಂಪೋ ಗುದ್ದಿದೆ: ಕ್ಲೇಮ್ ಮಾಡೋದಾ, ಕೈಗೆ ಕೊಟ್ಟಷ್ಟು ತಗೊಂಡು ಮುಗಿಸೋದಾ?

ಗೊರಗುಂಟೆಪಾಳ್ಯ_ಗಿರಾಕಿ:
ನಮಸ್ಕಾರ. ಸಿಗ್ನಲ್‌ನಲ್ಲಿ ನಿಂತಿದ್ದ ಕಾರಿಗೆ ಹಿಂದಿನಿಂದ ಗೂಡ್ಸ್ ಟೆಂಪೋ ಗುದ್ದಿದೆ. ಯಾರಿಗೂ ಪೆಟ್ಟಿಲ್ಲ. 1200 ಸಿಸಿ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮೂರೂವರೆ ವರ್ಷದ್ದು. ಕಾಂಪ್ರಹೆನ್ಸಿವ್ ಪಾಲಿಸಿ ಇದೆ, ಝೀರೋ ಡೆಪ್ (ಸವಕಳಿ ಕಡಿತ ಇಲ್ಲದ ಆ್ಯಡ್-ಆನ್) ಇಲ್ಲ, ಎನ್‌ಸಿಬಿ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ) 35%.
ಬಂಪರ್ ಎಡಗಡೆ ಒಳಗೆ ಹೋಗಿದೆ, ಎಡ ಟೈಲ್ ಲ್ಯಾಂಪ್ ಒಡೆದಿದೆ, ಡಿಕ್ಕಿ ಬಾಗಿಲು ಜೋರಾಗಿ ಬಡಿದರೆ ಮಾತ್ರ ಲಾಕ್ ಆಗುತ್ತೆ. ಸರ್ವಿಸ್ ಸೆಂಟರ್ ಎಸ್ಟಿಮೇಟ್ 50,000. ಮನೆ ಹತ್ರದ ಗ್ಯಾರೇಜಿನವರು 22,000ಕ್ಕೆ ಹೊಸದರ ಥರ ಮಾಡ್ಕೊಡ್ತೀನಿ ಅಂತಾರೆ. ಟೆಂಪೋ ಓನರ್ 15,000 ಕೊಟ್ಟು ಕೈ ತೊಳ್ಕೊಳ್ಳೋಕೆ ರೆಡಿ. ಯಾವುದು ಲೆಕ್ಕಕ್ಕೆ ಬರುತ್ತೆ?

ಸುಮ್ನೆ_ಬಂದೆ:
15 ತಗೊಂಡು ಬಿಡಿ ಗುರು. ಕೋರ್ಟು ಕಚೇರಿ ಯಾರಿಗೆ ಬೇಕು.

ಟಿಂಕರ್_ಬನ್ನಿಮಂಟಪ:
ಬೇಡ, ಅವಸರ ಮಾಡಬೇಡಿ. ಡಿಕ್ಕಿ ಬಾಗಿಲು ಬಡಿದು ಹಾಕಬೇಕು ಅಂದ್ರೆ ಪೆಟ್ಟು ಬಂಪರ್ ದಾಟಿ ಬ್ಯಾಕ್ ಪ್ಯಾನಲ್‌ಗೆ, ಅಂದ್ರೆ ಬಂಪರ್ ಹಿಂದಿರೋ ಬಾಡಿ ತಗಡಿಗೆ ಹೋಗಿದೆ. ಲಾಕ್ ಕೂರೋ ಸ್ಟ್ರೈಕರ್ ಇರೋದು ಅದರ ಮೇಲೇ. ಪ್ಯಾನಲ್ ನಾಲ್ಕೈದು ಮಿಲಿಮೀಟರ್ ಒಳಗೆ ಸರಿದರೂ ಲಾಕ್ ಸಿಗಲ್ಲ. ಸ್ಟ್ರೈಕರ್ ಬೋಲ್ಟ್ ಸಡಿಲ ಮಾಡಿ ಹಿಂದಕ್ಕೆ ಜರುಗಿಸಿ "ಸರಿಯಾಯ್ತು ಸಾರ್" ಅನ್ನೋ ಗ್ಯಾರೇಜ್ ಇದ್ರೆ ಅಲ್ಲಿಂದ ಗಾಡಿ ತಗೊಂಡು ಹೊರಡಿ.

ಮೊದಲು ನೀವೇ ನೋಡಿ. ಡಿಕ್ಕಿಯೊಳಗಿನ ಮ್ಯಾಟ್ ಎತ್ತಿ, ಸ್ಟೆಪ್ನಿ ತೆಗೆದು ಹೊರಗಿಡಿ. ಸ್ಟೆಪ್ನಿ ಗುಂಡಿಯ ತಗಡಲ್ಲಿ ಅಡ್ಡ ಸುಕ್ಕು ಇದೆಯಾ? ಜೋಡಣೆ ಮೇಲೆ ಬಳಿದಿರೋ ಸೀಲರ್ ಕೂದಲೆಳೆಯಷ್ಟು ಸೀಳಿದೆಯಾ? ಫ್ಯಾಕ್ಟರಿ ಸೀಲರ್ ಸೀಳಬೇಕಾದ್ರೆ ಕೆಳಗಿನ ತಗಡು ಅಲ್ಲಾಡಿರಲೇಬೇಕು. ಆಮೇಲೆ ಎರಡೂ ಕಡೆ ಹಿಂದಿನ ಬಾಗಿಲು ಮತ್ತು ಕ್ವಾರ್ಟರ್ ಪ್ಯಾನಲ್ (ಹಿಂದಿನ ಚಕ್ರದ ಮೇಲಿರೋ ಪಕ್ಕದ ತಗಡು) ನಡುವಿನ ಸಂದಿ ಹೋಲಿಸಿ. ಬಲಗಡೆ 4 ಮಿಲಿಮೀಟರ್, ಎಡಗಡೆ ಮೇಲೆ 2 ಕೆಳಗೆ 5 ಅಂತ ಬಂದ್ರೆ ಕ್ವಾರ್ಟರ್ ತಳ್ಳಿಸಿಕೊಂಡಿದೆ. ಇಷ್ಟನ್ನೂ ಮನೆ ಮುಂದೆ ಅರ್ಧ ಗಂಟೆಯಲ್ಲಿ ನೋಡಬಹುದು.

ಸಿಲ್ಕ್‌ಬೋರ್ಡ್_ಸಂತ್ರಸ್ತ:
ಡಿಕ್ಕಿಗೇ ಡಿಕ್ಕಿ. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ಇರೋದು ಸುಮ್ನೆ ಅಲ್ಲ 😀

ಟಿಂಕರ್_ಬನ್ನಿಮಂಟಪ:
ಇನ್ನೊಂದು ಬಿಟ್ಟೋಯ್ತು. ನಮ್ಮಲ್ಲಿ ಮಾರೋ ಎಷ್ಟೋ ಸಣ್ಣ ಕಾರುಗಳಲ್ಲಿ ಹಿಂದಿನ ಬಂಪರ್ ಒಳಗೆ ಕಬ್ಬಿಣದ ಬಾರ್ ಇರೋದೇ ಇಲ್ಲ. ಪ್ಲಾಸ್ಟಿಕ್, ಅದರ ಹಿಂದೆ ನೇರ ಬ್ಯಾಕ್ ಪ್ಯಾನಲ್. ಪ್ಲಾಸ್ಟಿಕ್ ಬಗ್ಗಿ ವಾಪಸ್ ತನ್ನ ಆಕಾರಕ್ಕೆ ಬರುತ್ತೆ, ತಗಡು ಬರಲ್ಲ. ಹಾಗಾಗಿ ಹೊರಗಿಂದ ಬರೀ ಗೀರು ಕಂಡರೂ ಒಳಗೆ ಸುಕ್ಕು ಇರಬಹುದು. ಬಂಪರ್ ಬಿಚ್ಚದೆ ಕೊಟ್ಟ ಎಸ್ಟಿಮೇಟ್ ಎಸ್ಟಿಮೇಟೇ ಅಲ್ಲ, ಆ 22,000ವೂ ಸೇರಿ.

ಹುಬ್ಬಳ್ಳಿ_ಹೈವೇ:
ಬಂಪರ್‌ಗೆ ಕುದಿಯೋ ನೀರ್ ಹಾಕಿ ಒಳಗಿಂದ ತಳ್ಳಿದ್ರ ಟಪ್ಪಂತ ಎದ್ದು ಬರ್ತೈತ್ರಿ. ರೊಕ್ಕ ಯಾಕ ಖರ್ಚ್ ಮಾಡ್ತೀರಿ?

ಪೇಂಟ್‌ಬೂತ್_ಪೀಣ್ಯ:
ಬರುತ್ತೆ, ಪ್ಲಾಸ್ಟಿಕ್ ಬರೀ ಬಗ್ಗಿದ್ರೆ ಮಾತ್ರ. ಬಿರುಕಿದ್ರೆ, ಬಣ್ಣ ಒಡೆದಿದ್ರೆ, ಪಕ್ಕದಲ್ಲಿ ಬಂಪರ್ ಹಿಡಿಯೋ ಬ್ರಾಕೆಟ್ ಮುರಿದಿದ್ರೆ ನೀರು ಏನೂ ಮಾಡಲ್ಲ. ಬಂಪರ್ ಒಳಮೈಯಲ್ಲಿ ಪಿಪಿ ಅಂತ ಅಚ್ಚು ಇರುತ್ತೆ, ಅಂದ್ರೆ ಪಾಲಿಪ್ರೊಪಿಲೀನ್. ಅದಕ್ಕೆ ಬಣ್ಣ ಸುಮ್ಮನೆ ಅಂಟಲ್ಲ. ಪ್ಲಾಸ್ಟಿಕ್ ಪ್ರೈಮರ್ ಹೊಡೀಲೇಬೇಕು. ರಸ್ತೆ ಬದಿ ಕೆಲಸದಲ್ಲಿ ಅದನ್ನ ಬಿಡ್ತಾರೆ, ಆರು ತಿಂಗಳಿಗೆ ಪ್ರೆಶರ್ ವಾಶ್ ಮಾಡಿಸಿದಾಗ ಬಣ್ಣ ಹಾಳೆ ಹಾಳೆಯಾಗಿ ಏಳುತ್ತೆ.

ಕ್ಲಿಪ್ ಬಗ್ಗೆ ಯಾರೂ ಮಾತಾಡಲ್ಲ. ಬಂಪರ್ ಬಿಚ್ಚುವಾಗ ಹಳೇ ಕ್ಲಿಪ್ಪಲ್ಲಿ ಅರ್ಧ ಮುರಿಯುತ್ತೆ. ಹೊಸ ಕ್ಲಿಪ್ ಮತ್ತು ಪಕ್ಕದ ಬ್ರಾಕೆಟ್ ಬಿಲ್‌ನಲ್ಲಿ ಇಲ್ಲ ಅಂದ್ರೆ ಹಳೇದನ್ನೇ ಎಂ-ಸೀಲ್ ಹಾಕಿ ಕೂರಿಸಿದಾರೆ ಅಂತ ಅರ್ಥ. ಮುಂದಿನ ಹಂಪ್‌ನಲ್ಲೇ ಬಂಪರ್ ಮೂಲೆ ಜೋತು ಬೀಳುತ್ತೆ.

ಸರ್ವೇ_ಸಾಹುಕಾರ:
ದುಡ್ಡಿನ ಲೆಕ್ಕ ಮಾಡೋಣ. 50,000 ಎಸ್ಟಿಮೇಟ್‌ನ ಒಡೆದು ನೋಡಿ. ನಿಮ್ಮದು ಸುಮಾರು ಹೀಗಿರಬಹುದು: ಬಂಪರ್ 6,000, ಟೈಲ್ ಲ್ಯಾಂಪ್ 4,000, ಡಿಕ್ಕಿ ಬಾಗಿಲು ಮತ್ತು ಬ್ಯಾಕ್ ಪ್ಯಾನಲ್ ಸೇರಿ 19,000, ಪೇಂಟಿಂಗ್ 12,000, ಲೇಬರ್ 9,000.

ಪ್ಲಾಸ್ಟಿಕ್, ರಬ್ಬರ್, ನೈಲಾನ್‌ಗೆ ವಯಸ್ಸು ಎಷ್ಟೇ ಇರಲಿ 50% ಸವಕಳಿ. ಬಂಪರ್‌ನಲ್ಲಿ 3,000, ಲ್ಯಾಂಪ್‌ನಲ್ಲಿ 2,000 ಹೋಯ್ತು. ಲೋಹದ ಭಾಗಕ್ಕೆ ಮೂರರಿಂದ ನಾಲ್ಕು ವರ್ಷದ ಗಾಡಿಗೆ 25%, ಅಂದ್ರೆ 4,750. ಪೇಂಟಿಂಗ್ ಬಿಲ್‌ನಲ್ಲಿ ಕಾಲು ಭಾಗ ಸಾಮಗ್ರಿ ಅಂತ ಹಿಡಿದು ಅದರ ಅರ್ಧ ಕಡಿತ, 1,500. ಲೇಬರ್‌ಗೆ ಕಡಿತ ಇಲ್ಲ. 1500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ 1,000. ಒಟ್ಟು 12,250 ನಿಮ್ಮ ಜೇಬಿಂದ, 37,750 ಕಂಪನಿಯಿಂದ. ಜಿಎಸ್‌ಟಿ ಇಲ್ಲಿ ಸೇರಿಸಿಲ್ಲ.

ಕ್ಯಾಂಬ್ರಿ_ಕಾಮತ್:
ಹಿಂದಿನ ಗಾಜಿಗೂ 50% ಅಲ್ವಾ ಸಾರ್?

ಸರ್ವೇ_ಸಾಹುಕಾರ:
ಇಲ್ಲ. ಗಾಜಿಗೆ ಸವಕಳಿ ಸೊನ್ನೆ. ಫೈಬರ್‌ಗ್ಲಾಸ್‌ಗೆ 30%. ಎರಡನ್ನೂ ಕಲಸಿಕೊಳ್ಳೋರು ಬಹಳ. ನಟ್ಟು, ಬೋಲ್ಟು, ಕ್ಲಿಪ್ಪು ಕನ್ಸ್ಯೂಮಬಲ್ ಆ್ಯಡ್-ಆನ್ (ಇಂಥ ಸಣ್ಣಪುಟ್ಟ ಸಾಮಾನಿಗೆ ತಗೊಳ್ಳೋ ಹೆಚ್ಚುವರಿ ವಿಮೆ) ಇಲ್ಲದಿದ್ರೆ ಪೂರ್ತಿ ನಿಮ್ಮ ಖರ್ಚು.

ಸುಮ್ನೆ_ಬಂದೆ:
ನೋಡಿ, ಕ್ಲೇಮ್ ಮಾಡಿದ್ರೂ 12 ಸಾವಿರ ಹೋಗುತ್ತೆ. ಎನ್‌ಸಿಬಿ ಒಂದು ಮೆಟ್ಟಿಲು ಕೆಳಗಿಳಿಯುತ್ತೆ ಅಷ್ಟೇ, ಅದೇನ್ ದೊಡ್ಡ ವಿಷಯ ಅಲ್ಲ.

ಸರ್ವೇ_ಸಾಹುಕಾರ:
ಒಂದು ಮೆಟ್ಟಿಲಲ್ಲ ಸ್ವಾಮಿ, ನೇರ ಸೊನ್ನೆ. ಏಣಿ 20, 25, 35, 45, 50. ಇವರಿಗೆ ಮುಂದಿನ ವರ್ಷ 45 ಸಿಗಬೇಕಿತ್ತು, ಸಿಗೋದು 0. ಅದರ ಮುಂದಿನ ವರ್ಷ 50ರ ಜಾಗದಲ್ಲಿ 20. ಓಡಿ (ಸ್ವಂತ ಗಾಡಿಯ ನಷ್ಟಕ್ಕೆ ಕಟ್ಟೋ) ಪ್ರೀಮಿಯಂ ವರ್ಷಕ್ಕೆ 8,000 ಅಂತ ಹಿಡಿದ್ರೆ ನಷ್ಟ 3,600, 2,400, 2,000, 1,200, 400. ಐದು ವರ್ಷಕ್ಕೆ 9,600. ಐಡಿವಿ (ವಿಮೆಯಲ್ಲಿ ಗಾಡಿಗೆ ಹಿಡಿದ ಬೆಲೆ) ಇಳಿದಂಗೆ ಪ್ರೀಮಿಯಂ ಇಳಿಯುತ್ತೆ, ಹಾಗಾಗಿ ಇದು ಗರಿಷ್ಠ ಅಂದ್ಕೊಳ್ಳಿ. 12,250 ಜೊತೆ ಕೂಡಿದ್ರೆ 21,850.

ಗೊರಗುಂಟೆಪಾಳ್ಯ_ಗಿರಾಕಿ:
ಅಯ್ಯೋ. ಹಾಗಾದ್ರೆ ಕ್ಲೇಮ್ ಮಾಡೋದೂ 22,000ಕ್ಕೆ ಗ್ಯಾರೇಜಿಗೆ ಕೊಡೋದೂ ಒಂದೇ ಆಯ್ತಲ್ಲ?

ಟಿಂಕರ್_ಬನ್ನಿಮಂಟಪ:
ಒಂದೇ ಅಲ್ಲ. ಅವರ 22,000ದಲ್ಲಿ ಬ್ಯಾಕ್ ಪ್ಯಾನಲ್ ಹೊಸದಾ, ಎಳೆದು ಪುಟ್ಟಿ ಮೆತ್ತೋದಾ ಕೇಳಿ. ಉತ್ತರ ನನಗೆ ಗೊತ್ತು.

ಕಾಯ್ದೆ_ಕಾನೂನು:
ತಪ್ಪು ಟೆಂಪೋದವರದ್ದು ತಾನೆ? ವಿಮೆ ಭರಿಸದ ಆ 12,250ನ್ನು ಅವರಿಂದಲೇ ಕೇಳಿ. ಎನ್‌ಸಿಬಿ ನಷ್ಟವನ್ನೂ ಸೇರಿಸಿ ಮಾತಾಡಿ, ಚೌಕಾಸಿ ಅಂತೂ ಇದ್ದಿದ್ದೇ. ಆದರೆ ಬರೆದುಕೊಡುವಾಗ ಹುಷಾರು. "ಪೂರ್ಣ ಮತ್ತು ಅಂತಿಮವಾಗಿ ರಾಜಿಯಾಗಿದ್ದೇವೆ" ಅಂತ ಸಹಿ ಹಾಕಿದ್ರೆ ಟೆಂಪೋ ಮೇಲಿನ ನಿಮ್ಮ ಹಕ್ಕೇ ಮುಗೀತು. ನಿಮಗೆ ಕೊಟ್ಟ ದುಡ್ಡನ್ನು ಆಮೇಲೆ ಅವರಿಂದ ವಸೂಲಿ ಮಾಡೋ ಹಕ್ಕು ನಿಮ್ಮ ವಿಮಾ ಕಂಪನಿಗೆ ಇರುತ್ತೆ, ಅದನ್ನ ನೀವು ಬಿಟ್ಟುಕೊಟ್ಟ ಹಾಗಾಗುತ್ತೆ, ಕ್ಲೇಮ್‌ಗೆ ತಕರಾರು ಬರಬಹುದು. "ವಿಮೆ ಭರಿಸದ ಭಾಗಕ್ಕೆ ಮಾತ್ರ ಇಷ್ಟು ಪಡೆದಿದ್ದೇನೆ" ಅಂತ ಬರೆಯಿರಿ, ಕಂಪನಿಗೂ ತಿಳಿಸಿ. ದುಡ್ಡು ಯುಪಿಐನಲ್ಲೇ ಬರಲಿ, ಗುರುತು ಇರುತ್ತೆ.

ಹುಬ್ಬಳ್ಳಿ_ಹೈವೇ:
ಟೆಂಪೋದ ಥರ್ಡ್ ಪಾರ್ಟಿ ಇನ್ಶೂರೆನ್ಸ್‌ನಿಂದನೇ ಪೂರಾ ತಗೊಬಹುದಲ್ರೀ? ನಮ್ಮ ಎನ್‌ಸಿಬಿ ಯಾಕ ಸುಡಬೇಕು?

ಕಾಯ್ದೆ_ಕಾನೂನು:
ತಗೊಬಹುದು, ಆದ್ರೆ ಅವರ ಕಂಪನಿಗೆ ಫೋನ್ ಮಾಡಿದ್ರೆ ಆಗಲ್ಲ. ಎಫ್‌ಐಆರ್ ಆಗಬೇಕು, ಆಮೇಲೆ 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಪ್ರಕಾರ ಕ್ಲೇಮ್ಸ್ ಟ್ರಿಬ್ಯೂನಲ್‌ಗೆ ಅರ್ಜಿ. ಬೆಂಗಳೂರಲ್ಲಿ ಅದು ಲಘು ವ್ಯವಹಾರಗಳ ನ್ಯಾಯಾಲಯ. 2019ರ ತಿದ್ದುಪಡಿ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಅಪಘಾತವಾಗಿ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಆಸ್ತಿ ನಷ್ಟಕ್ಕೆ ಸಾಮಾನ್ಯ ಪಾಲಿಸಿಯಲ್ಲಿ ಮಿತಿ 7.5 ಲಕ್ಷ. ಪ್ರೀಮಿಯಂ ಉಳಿಸೋಕೆ ಅದನ್ನ 6,000ಕ್ಕೆ ಇಳಿಸಿಕೊಂಡಿರೋರೂ ಇರ್ತಾರೆ. ಲೋಕ ಅದಾಲತ್‌ನಲ್ಲಿ ಬೇಗ ಮುಗೀಬಹುದು, ಇಲ್ಲಾಂದ್ರೆ ವರ್ಷಗಟ್ಟಲೆ. ದೇಹಕ್ಕೆ ಪೆಟ್ಟಾಗಿದ್ರೆ ಈ ದಾರಿ ಬಿಡಬಾರದು. ಬರೀ ತಗಡಿಗೆ ಅಂದ್ರೆ ನನಗೆ ಲಾಭ ಕಾಣಲ್ಲ.

ಮತ್ತೆ, ಒಂದೇ ರಿಪೇರಿ ದುಡ್ಡನ್ನ ಎರಡು ಕಡೆ ತಗೊಳ್ಳೋ ಹಾಗಿಲ್ಲ, ಆ ಯೋಚನೆ ಇದ್ರೆ ಬಿಡಿ.

ಸಿಲ್ಕ್‌ಬೋರ್ಡ್_ಸಂತ್ರಸ್ತ:
ಎಫ್‌ಐಆರ್ ಇಲ್ಲದೆ ಯಾವ ಕ್ಲೇಮೂ ಆಗಲ್ಲ ಅಂತಾರಲ್ಲ?

ಸರ್ವೇ_ಸಾಹುಕಾರ:
ಯಾರ್ರೀ ಹೇಳಿದ್ದು? ಯಾರಿಗೂ ಪೆಟ್ಟಾಗದ ಓಡಿ ಕ್ಲೇಮ್‌ಗೆ ಸಾಮಾನ್ಯವಾಗಿ ಕೇಳಲ್ಲ. ಕ್ಲೇಮ್ ಫಾರಂ, ಆರ್‌ಸಿ, ಡಿಎಲ್, ಪಾಲಿಸಿ, ಫೋಟೋ ಸಾಕು. ಎಫ್‌ಐಆರ್ ಆದ್ರೆ ಮೋಟಾರು ವಾಹನ ನಿರೀಕ್ಷಕರು ನೋಡಿ ವರದಿ ಕೊಡೋವರೆಗೂ ಗಾಡಿ ಠಾಣೆ ಮುಂದೆ ಧೂಳು ತಿನ್ನುತ್ತೆ. ಆ ತಪಾಸಣೆ ಮುಗಿಯೋ ಮುಂಚೆ ರಿಪೇರಿಗೆ ಕೈ ಹಾಕಬಾರದು.

ಫೋಟೋ ತೆಗೆಯೋ ಕ್ರಮ: ಗಾಡಿ ಅಲ್ಲಾಡಿಸೋ ಮುಂಚೆ ಎರಡೂ ನಂಬರ್ ಪ್ಲೇಟ್ ಒಂದೇ ಫ್ರೇಮ್‌ನಲ್ಲಿ, ಆಮೇಲೆ ನಾಲ್ಕು ಮೂಲೆ, ರಸ್ತೆಯಲ್ಲಿ ಬಿದ್ದ ಚೂರು, ಓಡೋಮೀಟರ್. ಬರೀ ಡೆಂಟ್‌ನ ಕ್ಲೋಸಪ್ ಹತ್ತು ಕಳಿಸ್ತಾರೆ, ಅದು ಯಾವ ಗಾಡಿ ಅಂತಾನೇ ಗೊತ್ತಾಗಲ್ಲ.

ಕುಡ್ಲದ_ಚಾಲಕ:
ಹಿಂದಿನಿಂದ ಗುದ್ದಿದ್ರೆ ಯಾವಾಗ್ಲೂ ಹಿಂದಿನವನದ್ದೇ ತಪ್ಪು ಅಂತ ಎಲ್ಲರೂ ಹೇಳೋದು ಮಾರಾಯ್ರೆ. ಆಗುಂಬೆ, ಚಾರ್ಮಾಡಿ ಏರಲ್ಲಿ ಮುಂದಿರುವ ಗಾಡಿಯೇ ಹಿಂದೆ ಜಾರಿ ಬಂದು ಬಡಿಯೋದುಂಟು. ಆಗ ಎಂತ ಮಾಡುವುದು?

ಕಾಯ್ದೆ_ಕಾನೂನು:
ಮುಂದಿನ ಗಾಡಿ ಹಠಾತ್ ನಿಂತರೂ ಗುದ್ದದಷ್ಟು ಅಂತರ ಇಡಬೇಕು ಅಂತ 1989ರ ರಸ್ತೆ ನಿಯಮಗಳಲ್ಲಿ 23ನೇದು ಹೇಳ್ತಿತ್ತು. 2017ರಲ್ಲಿ ಅವುಗಳ ಜಾಗಕ್ಕೆ ಹೊಸ ಚಾಲನಾ ನಿಯಮ ಬಂತು, ಆ ಕರ್ತವ್ಯ ಹಾಗೇ ಇದೆ. ಅದಕ್ಕೇ ಮೊದಲ ಬೆರಳು ಹಿಂದಿನವರ ಕಡೆ. ಆದ್ರೆ ರಾತ್ರಿ ಲೈಟಿಲ್ಲದೆ ರಸ್ತೆ ಮೇಲೆ ನಿಲ್ಲಿಸಿದ ಲಾರಿ, ಬ್ರೇಕ್ ಲೈಟ್ ಉರಿಯದ ಗಾಡಿ, ರಿವರ್ಸ್ ಬಂದ ಗಾಡಿ ಇಂಥ ಕಡೆ ತಪ್ಪು ಹಂಚಿಕೆಯಾಗುತ್ತೆ, ಪೂರ್ತಿ ತಿರುಗಲೂಬಹುದು.

ಸರ್ವೇ_ಸಾಹುಕಾರ:
ನಾವು ಸರ್ವೇಯರ್‌ಗಳು ಗುದ್ದಿದ ಗುರುತಿನ ಎತ್ತರ ನೋಡ್ತೀವಿ. ಬ್ರೇಕ್ ಒತ್ತಿದ ಗಾಡಿಯ ಮೂತಿ ಕೆಳಗೆ ಬಗ್ಗುತ್ತೆ, ಹಾಗಾಗಿ ಮುಂದಿನ ಗಾಡಿಯ ಮೇಲೆ ಗುರುತು ಎಂದಿಗಿಂತ ಕೆಳಗೆ ಬೀಳುತ್ತೆ. ಜಾರಿ ಬಂದಿದ್ರೆ ಎರಡೂ ಬಂಪರ್ ತಮ್ಮ ಸಹಜ ಎತ್ತರದಲ್ಲೇ ತಾಗಿರುತ್ತವೆ. ಇದೊಂದೇ ಸಾಕ್ಷಿ ಆಗಲ್ಲ, ಡ್ಯಾಶ್‌ಕ್ಯಾಮ್ ಇದ್ರೆ ಬಾಯಿ ಮುಚ್ಚಿಸುತ್ತೆ.

ಮಂಡ್ಯ_ಮಂಜಣ್ಣ:
ಕಬ್ಬಿನ ಸೀಸನ್ನಲ್ಲಿ ರಾತ್ರಿ ನಮ್ ಕಡೆ ಬಂದ್ ನೋಡಿ. ಟ್ರಾಕ್ಟ್ರು ಹಿಂದೆ ಎರಡು ಟ್ರೇಲರು, ಒಂದು ಕೆಂಪು ರಿಫ್ಲೆಕ್ಟರ್ ಇಲ್ಲ. ಕಬ್ಬೇ ಬಂದು ಗಾಜಿಗೆ ಹೊಡೀತದೆ. 60ರಲ್ಲಿ ಹೋಗ್ತಿದ್ರೆ ಸೆಕೆಂಡಿಗೆ 16–17 ಮೀಟ್ರು, ಕಾಲು ಬ್ರೇಕಿಗೆ ಹೋಗೋದ್ರೊಳಗೆ ಅಷ್ಟು ದೂರ ಮುಗ್ದೋಗಿರ್ತದೆ.

ಸುಮ್ನೆ_ಬಂದೆ:
ಬಿಎಂಟಿಸಿ ಬಸ್ಸು ಗುದ್ದಿದ್ರೆ?

ಕಾಯ್ದೆ_ಕಾನೂನು:
146ನೇ ಕಲಂನಲ್ಲಿ ಸಾರಿಗೆ ನಿಗಮಗಳು ತಮ್ಮದೇ ನಿಧಿ ಇಟ್ಟುಕೊಂಡು ವಿಮೆಯಿಂದ ವಿನಾಯಿತಿ ಪಡೆಯೋಕೆ ಅವಕಾಶ ಇದೆ. ಹಾಗಾಗಿ ಅರ್ಜಿ ವಿಮಾ ಕಂಪನಿ ಮೇಲಲ್ಲ, ನಿಗಮದ ಮೇಲೇ. ವಿಷಯಕ್ಕೆ ಬನ್ನಿ ಎಲ್ಲರೂ.

ಗೊರಗುಂಟೆಪಾಳ್ಯ_ಗಿರಾಕಿ:
ಸ್ಟೆಪ್ನಿ ತೆಗೆದು ನೋಡಿದೆ. ಎಡಗಡೆ ತಗಡಲ್ಲಿ ಗೇಣುದ್ದ ಸುಕ್ಕು, ಸೀಲರ್ ಸೀಳಿದೆ. ಬಾಗಿಲ ಸಂದಿ ಎರಡೂ ಕಡೆ ಸಮ ಇದೆ. ಕ್ಲೇಮ್ ನೋಂದಾಯಿಸಿದೆ. ಈಗ ಕೆಲಸ ಹೇಗೆ ಮಾಡಿಸಬೇಕು ಹೇಳಿ.

ಟಿಂಕರ್_ಬನ್ನಿಮಂಟಪ:
ಸಂದಿ ಸಮ ಇದ್ರೆ ಕ್ವಾರ್ಟರ್ ಉಳೀತು, ಅದೃಷ್ಟ. ಈಗ ಕ್ರಮ ಮುಖ್ಯ.

ಮೊದಲು ಬ್ಯಾಟರಿ ವೈರ್ ಬಿಚ್ಚಬೇಕು. ವೆಲ್ಡಿಂಗ್ ಹೊತ್ತಲ್ಲಿ ಇಸಿಯು (ಇಂಜಿನ್ ನಿಯಂತ್ರಿಸೋ ಕಂಪ್ಯೂಟರ್) ಸುಟ್ಟರೆ ಅದರ ಬಿಲ್ ನಿಮ್ಮ ತಲೆ ಮೇಲೆ. ಆಮೇಲೆ ಹಳೇ ಬ್ಯಾಕ್ ಪ್ಯಾನಲ್ ಇರುವಾಗಲೇ ಗಾಡಿನ ಬೆಂಚ್ (ಬಾಡಿ ಎಳೆಯೋಕೆ ಬಿಗಿಯೋ ಕಬ್ಬಿಣದ ಚೌಕಟ್ಟು) ಮೇಲೆ ಕೂರಿಸಿ, ಚೈನ್ ಹಾಕಿ, ಪೆಟ್ಟು ಬಂದ ದಿಕ್ಕಿಗೆ ಸರಿಯಾಗಿ ಉಲ್ಟಾ ಎಳೆಯಬೇಕು. ಮೊದಲೇ ಪ್ಯಾನಲ್ ಕತ್ತರಿಸಿಬಿಟ್ರೆ ಎಳೆಯೋಕೆ ಹಿಡಿತ ಇಲ್ಲ, ಫ್ಲೋರ್ ಸುಕ್ಕು ಹಾಗೇ ಉಳಿಯುತ್ತೆ, ಅದರ ಮೇಲೆ ಹೊಸ ಪ್ಯಾನಲ್ ವಾರೆಯಾಗಿ ಕೂರುತ್ತೆ. ಎಳೆದ ಮೇಲೆ ಡಿಕ್ಕಿ ಬಾಯಿಯ ಎರಡು ಕರ್ಣ ಟೇಪ್‌ನಲ್ಲಿ ಅಳೆಯಲಿ. ಎಡ ಮೇಲಿನಿಂದ ಬಲ ಕೆಳಗೆ, ಬಲ ಮೇಲಿನಿಂದ ಎಡ ಕೆಳಗೆ. ಎರಡೂ ಹೊಂದಿದ ಮೇಲೇ ಕತ್ತರಿಸೋ ಮಾತು.

ಹಳೇದನ್ನ ಉಳಿ ಹಾಕಿ ಹರಿಯಬಾರದು. ಒಂದೊಂದು ಸ್ಪಾಟ್ ವೆಲ್ಡ್‌ನೂ ಕಟ್ಟರ್‌ನಲ್ಲಿ ಬಿಡಿಸಬೇಕು. ಹೊಸ ಪ್ಯಾನಲ್ ಅಂಚಿಗೆ ತುಕ್ಕು ತಡೆಯೋ ವೆಲ್ಡ್-ಥ್ರೂ ಪ್ರೈಮರ್, ಆಮೇಲೆ ಸಿಓಟು ವೆಲ್ಡಿಂಗ್. ಗ್ಯಾಸ್ ಬೆಂಕಿ ಹಿಡಿದು ಕೆಂಪಗೆ ಕಾಯಿಸಿ ಬಡಿಯೋರಿದ್ರೆ ತಡೀರಿ. ಈಗಿನ ಗಟ್ಟಿ ಸ್ಟೀಲ್ ಕಾಯಿಸಿದ್ರೆ ಮೆತ್ತಗಾಗುತ್ತೆ, ಮುಂದಿನ ಗುದ್ದಿಗೆ ಕಾಗದದ ಥರ ಮಡಚುತ್ತೆ. ವೆಲ್ಡ್ ತಣ್ಣಗಾದ ಮೇಲೆ ಸೀಲರ್, ಒಳಗಿನ ಟೊಳ್ಳಿಗೆ ಮೇಣದ ಸ್ಪ್ರೇ.

ಪೇಂಟ್‌ಬೂತ್_ಪೀಣ್ಯ:
ಹೊಸ ಡಿಕ್ಕಿ ಬಾಗಿಲಿಗೆ ಪುಟ್ಟಿ ಬೇಕಾಗೋದೇ ಇಲ್ಲ. ಹಳೇದನ್ನ ಎತ್ತಿದ್ರೆ 2 ಮಿಲಿಮೀಟರ್ ಒಳಗಿರಲಿ. ಪೇಂಟ್ ಗೇಜ್ ಇಟ್ಟು ನೋಡಿ: ಫ್ಯಾಕ್ಟರಿ ಬಣ್ಣ ಸಾಮಾನ್ಯವಾಗಿ 100–150 ಮೈಕ್ರಾನ್, ಮರುಬಣ್ಣ 200ರ ಮೇಲೆ, 1000 ದಾಟಿದ್ರೆ ಅದು ಪುಟ್ಟಿ. ಗೇಜ್ ಇಲ್ಲದಿದ್ರೆ ಫ್ರಿಜ್ ಮೇಲಿನ ಮ್ಯಾಗ್ನೆಟ್ ಬಟ್ಟೆ ಸುತ್ತಿ ಹಿಡೀರಿ, ಪುಟ್ಟಿ ದಪ್ಪ ಇದ್ದಲ್ಲಿ ಜಾರಿ ಬೀಳುತ್ತೆ. ಬಂಪರ್ ಪ್ಲಾಸ್ಟಿಕ್, ಅಲ್ಲಿ ಹಿಡಿದು ನೋಡಿ ಗಾಬರಿಯಾಗಬೇಡಿ.

ಸಿಲ್ವರ್ ಅಥವಾ ಗ್ರೇ ಮೆಟಾಲಿಕ್ ಆಗಿದ್ರೆ ಪಕ್ಕದ ಕ್ವಾರ್ಟರ್ ಮೇಲೂ ಬಣ್ಣವನ್ನ ತೆಳುವಾಗಿ ಹರಡಿ ಬೆರೆಸಬೇಕು, ಇಲ್ಲಾಂದ್ರೆ ಬಿಸಿಲಲ್ಲಿ ಡಿಕ್ಕಿ ಬೇರೆ, ಗಾಡಿ ಬೇರೆ. ಡೆಲಿವರಿ ಸಂಜೆ ಟ್ಯೂಬ್‌ಲೈಟ್ ಕೆಳಗೆ ತಗೋಬೇಡಿ. ಬೆಳಗ್ಗೆ ಹತ್ತು ಗಂಟೆ ಬಿಸಿಲಲ್ಲಿ ನೋಡಿ.

ಎಲೆಕ್ಟ್ರಿಕಲ್_ಎಂಕ್ಟಣ್ಣ:
ಪಾರ್ಕಿಂಗ್ ಸೆನ್ಸರ್ ಇದ್ರೆ ಅದರ ಮುಖದ ಮೇಲೆ ದಪ್ಪ ಬಣ್ಣ ಕೂತ್ರೆ ಸುಮ್ ಸುಮ್ನೆ ಬೀಪ್. ಬಂಪರ್ ಮೂಲೆಯಲ್ಲಿ ರಾಡಾರ್ ಇರೋ ಗಾಡಿಗಳಲ್ಲಿ ಪುಟ್ಟಿ ಹಾಕಿದ ಬಂಪರ್ ಬೇಡವೇ ಬೇಡ, ಹೊಸದೇ ಆಗಬೇಕು. ಕೊನೆಗೆ ಸ್ಕ್ಯಾನರ್ ಹಾಕಿಸಿ. ಹಿಂದಿನ ಪೆಟ್ಟಿಗೆ ಮುಂದಿನ ಏರ್‌ಬ್ಯಾಗ್ ಸಾಮಾನ್ಯವಾಗಿ ಬಿಚ್ಚಲ್ಲ, ಆದ್ರೆ ಕೆಲವು ಗಾಡಿಗಳಲ್ಲಿ ಬೆಲ್ಟ್ ಪ್ರೀಟೆನ್ಷನರ್ (ಗುದ್ದಿದಾಗ ಸೀಟ್ ಬೆಲ್ಟ್ ಬಿಗಿ ಮಾಡೋದು) ಉರಿದಿರುತ್ತೆ. ಸಿಎನ್‌ಜಿ ಗಾಡಿಯಾದ್ರೆ ಸಿಲಿಂಡರ್ ಕೂತಿರೋದೇ ಡಿಕ್ಕಿಯಲ್ಲಿ. ವಾಲ್ವ್ ಮುಚ್ಚಿ, ಬ್ರಾಕೆಟ್ ಮತ್ತು ಸಿಲಿಂಡರ್ ಅಧಿಕೃತ ಕೇಂದ್ರದಲ್ಲಿ ತೋರಿಸದೆ ಗ್ಯಾಸ್ ತುಂಬಿಸಬೇಡಿ. ಮೂರು ವರ್ಷದ ಹೈಡ್ರೋ ಟೆಸ್ಟ್ (ಸಿಲಿಂಡರ್ ಒತ್ತಡ ಪರೀಕ್ಷೆ) ಬಾಕಿ ಇದೆ ಅಂತ ಕಾಯೋದಲ್ಲ.

ಕ್ಯಾಂಬ್ರಿ_ಕಾಮತ್:
ವೀಲ್ ಅಲೈನ್‌ಮೆಂಟ್ ನಂದೇ ಏರಿಯಾ. ಸಣ್ಣ ಕಾರುಗಳ ಹಿಂದಿನ ಟಾರ್ಷನ್ ಬೀಮ್‌ನಲ್ಲಿ (ಎರಡು ಹಿಂಚಕ್ರ ಜೋಡಿಸೋ ಅಡ್ಡ ತೊಲೆ) ಅಡ್ಜಸ್ಟ್ ಮಾಡೋಕೆ ಏನೂ ಇಲ್ಲ ಅಂತ ಹಿಂದಿನ ರೀಡಿಂಗೇ ತೆಗೆಯಲ್ಲ. ತೆಗೆಸಿ, ಪ್ರಿಂಟ್ ಇಸ್ಕೊಳ್ಳಿ. ಥ್ರಸ್ಟ್ ಆ್ಯಂಗಲ್ (ಹಿಂಚಕ್ರಗಳು ಗಾಡಿನ ತಳ್ಳೋ ದಿಕ್ಕಿನ ವಾರೆ) ಕೆಂಪಲ್ಲಿ ಬಂದ್ರೆ ಬೀಮ್ ಅಥವಾ ಅದರ ಮೌಂಟ್ ಸರಿದಿದೆ. ಸ್ಟೇರಿಂಗ್ ವಾರೆ ಹಿಡಿದ್ರೆ ಮಾತ್ರ ಗಾಡಿ ನೇರ ಹೋಗೋದು ಇದಕ್ಕೇ.

ಸರ್ವೇ_ಸಾಹುಕಾರ:
ಬಿಚ್ಚಿದ ಮೇಲೆ ಹೊಸ ಡ್ಯಾಮೇಜ್ ಕಂಡ್ರೆ ಗ್ಯಾರೇಜ್ ಸಪ್ಲಿಮೆಂಟರಿ ಎಸ್ಟಿಮೇಟ್ ಹಾಕಿ, ಸರ್ವೇಯರ್ ಮತ್ತೆ ನೋಡಿ ಒಪ್ಪಿದ ಮೇಲೇ ಪಾರ್ಟ್ ಕೂರಿಸಬೇಕು. ಕೂರಿಸಿ ಆಮೇಲೆ ಕೇಳಿದ್ರೆ ಕೈ ಎತ್ತುತ್ತೀವಿ. ಹಳೇ ಪಾರ್ಟ್ ರೀ-ಇನ್‌ಸ್ಪೆಕ್ಷನ್ ಆಗೋವರೆಗೂ ಗುಜರಿಗೆ ಹೋಗಬಾರದು. ಮುಂದಿನ ಬಂಪರ್‌ನ ಹಳೇ ಗೀರು ಇದೇ ಕ್ಲೇಮ್‌ನಲ್ಲಿ ತೂರಿಸಬೇಡಿ, ಅದು ಬೇರೆ ಘಟನೆ. ಟೆಂಪೋ ತಳ್ಳಿ ನಿಮ್ಮ ಕಾರು ಮುಂದಿನ ಗಾಡಿಗೆ ತಾಗಿದ್ರೆ ಮಾತ್ರ ಹಿಂದೆ-ಮುಂದೆ ಎರಡೂ ಒಂದೇ ಕ್ಲೇಮ್.

ಜೆಸಿ_ರೋಡ್_ಜಂಗಮ:
2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಬಿಲ್‌ನಲ್ಲಿ ನೋಡ್ಕೊಳ್ಳಿ. ಕ್ಲೇಮ್ ಇಲ್ಲದೆ ಮಾಡಿಸೋರು ಟೈಲ್ ಲ್ಯಾಂಪ್ ಶಿವಾಜಿನಗರದಲ್ಲಿ ಸೆಕೆಂಡ್ಸ್ ಹುಡುಕಬಹುದು. ಬ್ಯಾಕ್ ಪ್ಯಾನಲ್ ಮಾತ್ರ ಅಲ್ಲಿಂದ ತರಬೇಡಿ, ಅದೂ ಒಂದ್ಸಲ ಏಟು ತಿಂದಿದ್ದೇ ಇರಬಹುದು.

ಟಿಂಕರ್_ಬನ್ನಿಮಂಟಪ:
ಡೆಲಿವರಿ ದಿನದ ಪರೀಕ್ಷೆ ಬಿಟ್ಟುಹೋಗಿತ್ತು. ಒಬ್ಬರು ಟಾರ್ಚ್ ಹಿಡಿದು ಹಿಂದಿನ ಸೀಟು ಮಡಚಿ ಡಿಕ್ಕಿ ಒಳಗೆ ನೋಡ್ತಾ ಕೂರಲಿ, ಮ್ಯಾಟ್, ಸ್ಟೆಪ್ನಿ ಎರಡೂ ಹೊರಗೆ. ಹೊರಗಿಂದ ಪೈಪಲ್ಲಿ ನೀರು ಬಿಡಿ, ಪ್ರೆಶರ್ ಬೇಡ. ಕೆಳಗಿಂದ ಶುರು ಮಾಡಿ ನಿಧಾನಕ್ಕೆ ಮೇಲಕ್ಕೆ: ಮೊದಲು ಬ್ಯಾಕ್ ಪ್ಯಾನಲ್ ಜೋಡಣೆ, ಆಮೇಲೆ ಟೈಲ್ ಲ್ಯಾಂಪ್ ಸುತ್ತ, ಕೊನೆಗೆ ಡಿಕ್ಕಿ ಬಾಯಿಯ ರಬ್ಬರ್ ಬೀಡಿಂಗ್. ಮೇಲಿಂದ ಬಿಟ್ರೆ ನೀರು ಎಲ್ಲಿ ನುಗ್ತು ಅಂತ ಗೊತ್ತಾಗಲ್ಲ. ಬಂಪರ್ ಹಿಂದೆ ಮೂಲೆಯಲ್ಲಿ ಗಾಳಿ ಹೊರಹೋಗೋ ರಬ್ಬರ್ ಫ್ಲಾಪ್ ಇರುತ್ತೆ, ಗುದ್ದಿದಾಗ ಅದು ಹರಿದಿರುತ್ತೆ, ಯಾರೂ ಹೊಸದು ಹಾಕಲ್ಲ. ಅಲ್ಲಿಂದ ನೀರೂ ಬರುತ್ತೆ, ಸೈಲೆನ್ಸರ್ ಹೊಗೆಯೂ ಒಳಗೆ ಬರುತ್ತೆ. ಇದೆಲ್ಲ ಒಣಗಿದ್ದು ನೋಡಿದ ಮೇಲೇ ಸ್ಯಾಟಿಸ್ಫ್ಯಾಕ್ಷನ್ ವೋಚರ್‌ಗೆ (ಕೆಲಸ ತೃಪ್ತಿಯಾಗಿದೆ ಅನ್ನೋ ಪತ್ರ) ಸಹಿ.

ಕುಡ್ಲದ_ಚಾಲಕ:
ನಮ್ಮ ಮಳೆಗೆ ಈ ಪರೀಕ್ಷೆ ಮಾಡ್ಲಿಕ್ಕೆ ಪೈಪೇ ಬೇಡ ಮಾರಾಯ್ರೆ 😄

ಗೊರಗುಂಟೆಪಾಳ್ಯ_ಗಿರಾಕಿ:
ಕಂಪನಿ ಬ್ಯಾಕ್ ಪ್ಯಾನಲ್ ಬದಲಾವಣೆ ಒಪ್ಪದೆ ರಿಪೇರಿ ಅಂತ ಬರೆದ್ರೆ?

ಸರ್ವೇ_ಸಾಹುಕಾರ:
ಸುಕ್ಕು, ಸೀಲರ್ ಸೀಳು, ಕರ್ಣದ ಅಳತೆ ಫೋಟೋ ಸಮೇತ ಇಮೇಲ್ ಹಾಕಿ, ಮರುಪರಿಶೀಲನೆ ಕೇಳಿ. ಬಾಯಿಮಾತಲ್ಲಿ ಜಗಳ ಆಡಬೇಡಿ. ಕಂಪನಿಯ ದೂರು ವಿಭಾಗಕ್ಕೆ ಬರೆದು ಒಂದು ತಿಂಗಳಲ್ಲಿ ಉತ್ತರ ಬರದಿದ್ರೆ, ಬಂದಿದ್ದು ಒಪ್ಪಿಗೆಯಾಗದಿದ್ರೆ ವಿಮಾ ಓಂಬುಡ್ಸ್‌ಮನ್ (ವಿಮೆ ದೂರು ಬಗೆಹರಿಸೋ ಅಧಿಕಾರಿ). ಬೆಂಗಳೂರು ಕಚೇರಿ ಜೆಪಿ ನಗರ ಮೊದಲ ಹಂತದ ಜೀವನ್ ಸೌಧದಲ್ಲಿದೆ. ಶುಲ್ಕ ಇಲ್ಲ, ವಕೀಲರೂ ಬೇಡ.

ಹುಬ್ಬಳ್ಳಿ_ಹೈವೇ:
ಹಿಂದಿನ ನಂಬರ್ ಪ್ಲೇಟ್ ಸೀಳೈತೇನ್ರಿ ಅದು ಹೇಳ್ರಿ. ಎಚ್‌ಎಸ್‌ಆರ್‌ಪಿ (ಹೈ ಸೆಕ್ಯೂರಿಟಿ ಪ್ಲೇಟ್) ಇದ್ರ ಕಥಿ ಬ್ಯಾರೇನ ಐತಿ.

ಗೊರಗುಂಟೆಪಾಳ್ಯ_ಗಿರಾಕಿ:
ಹೌದು, ಮಧ್ಯಕ್ಕೆ ಮಡಚಿಕೊಂಡಿದೆ. ಬಡಿದು ನೇರ ಮಾಡಿಸಿದ್ರೆ ಆಗಲ್ವಾ?

ಜೆಸಿ_ರೋಡ್_ಜಂಗಮ:
ಬಿಚ್ಚಿದ ಕೂಡಲೇ ಸ್ನ್ಯಾಪ್ ಲಾಕ್ ಹಾಳು, ಅದು ಒಂದೇ ಸಲಕ್ಕೆ ಇರೋದು. ಪ್ಲೇಟ್ ಮೇಲಿನ ಲೇಸರ್ ನಂಬರ್ ನಿಮ್ಮ ಗಾಡಿ ದಾಖಲೆಗೆ ಜೋಡಣೆಯಾಗಿರುತ್ತೆ. ನಮ್ಮ ಜೆಸಿ ರೋಡಲ್ಲಿ ಹೊಡ್ಕೊಡೋ ಪ್ಲೇಟ್ ಹಾಕ್ಕೊಂಡ್ರೆ ಆಗಲ್ಲ. ಹಿಂದಿನದೊಂದನ್ನೇ ಬದಲಿ ಕೊಡಿ ಅಂತ ಅಧಿಕೃತ ಪೋರ್ಟಲ್‌ನಲ್ಲಿ ಬುಕ್ ಮಾಡಿ. ಮುರಿದ ಪ್ಲೇಟ್ ಗ್ಯಾರೇಜಲ್ಲಿ ಬಿಟ್ಟು ಬರಬೇಡಿ, ಡಿಕ್ಕಿಯಲ್ಲೇ ಇಟ್ಕೊಳ್ಳಿ.

ಸಿಲ್ಕ್‌ಬೋರ್ಡ್_ಸಂತ್ರಸ್ತ:
ಡಿಕ್ಕಿ ಮುಚ್ಚೋದೇ ಇಲ್ವಲ್ಲ ಅವರದ್ದು.